ಏಷ್ಯಾದಲ್ಲಿ ವ್ಯಾಪಾರ: ತೀರ್ಮಾನ ಮಾಡುವ ಮೇಜು ಎಲ್ಲಿರಬೇಕು?

2025ರ ಜನವರಿ 30ರಂದು ಸುಜುಕಿ ಕಂಪನಿ ಜಪಾನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ಕಾರಿನ ಬುಕಿಂಗ್ ಶುರು ಮಾಡಿತು. ತಿಂಗಳಿಗೆ 1,200 ಕಾರು ಹೋಗಬಹುದು ಅನ್ನೋದು ಕಂಪನಿಯ ಲೆಕ್ಕ. ನಾಲ್ಕೇ ದಿನದಲ್ಲಿ ಸುಮಾರು 50,000 ಬುಕಿಂಗ್ ಬಂತು. ಕೊನೆಗೆ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಆ ಕಾರು ತಯಾರಾಗುವುದು ಭಾರತದಲ್ಲಿ, ಹರಿಯಾಣದ ಗುರುಗ್ರಾಮದಲ್ಲಿರುವ ಮಾರುತಿ ಕಾರ್ಖಾನೆಯಲ್ಲಿ. ಅಲ್ಲಿಂದ ಹಡಗು ಹತ್ತಿ ಜಪಾನ್‌ಗೆ ಹೋಗುತ್ತದೆ.

ಇದೇ ಗುರುಗ್ರಾಮದಿಂದ 1983ರಲ್ಲಿ ಮೊದಲ ಮಾರುತಿ 800 ಹೊರಬಂತು. ಆಗ ವಿದ್ಯೆ ಬಂದಿದ್ದು ಜಪಾನ್‌ನಿಂದ, ಬಿಡಿಭಾಗಗಳೂ ಬಹುಪಾಲು ಅಲ್ಲಿಂದಲೇ. ಈಗ ಕಾರು ಇಲ್ಲಿಂದ ಅಲ್ಲಿಗೆ ಹೋಗುತ್ತಿದೆ, ಅಲ್ಲಿನವರು ಕ್ಯೂ ನಿಂತು ಕೊಳ್ಳುತ್ತಿದ್ದಾರೆ. ಏಷ್ಯಾದ ವ್ಯಾಪಾರದಲ್ಲಿ ಏನು ಬದಲಾಗಿದೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಕಾರು.

ದೊಡ್ಡ ಕಂಪನಿಗಳ ಸಭೆಗಳಲ್ಲಿ "ಏಷ್ಯಾ ಸ್ಟ್ರಾಟೆಜಿ" ಅನ್ನೋ ಮಾತು ಬಹಳ ಕೇಳುತ್ತದೆ. ಅದರ ಹಳೆಯ ಅರ್ಥ ಸರಳವಾಗಿತ್ತು. ಹೊಸ ವಸ್ತು ಹುಟ್ಟುವುದು ಅಮೆರಿಕದಲ್ಲೋ ಯುರೋಪಿನಲ್ಲೋ ಜಪಾನಿನಲ್ಲೋ. ಅದನ್ನು ಕಡಿಮೆ ಖರ್ಚಿನಲ್ಲಿ ತಯಾರಿಸುವುದು ಚೀನಾದಲ್ಲಿ. ಸಿಂಗಪುರದಲ್ಲೋ ಹಾಂಕಾಂಗ್‌ನಲ್ಲೋ ಒಂದು ಪ್ರಾದೇಶಿಕ ಕಚೇರಿ ಇಟ್ಟು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುವ ಹೊಸ ಮಧ್ಯಮ ವರ್ಗಕ್ಕೆ ಅದನ್ನೇ ಮಾರುವುದು. ಇಲ್ಲಿನವರಿಗೆ ಕೊಟ್ಟ ಕೆಲಸ ಎರಡೇ: ತಯಾರಿಸಿ ಕೊಡುವುದು, ಕೊಂಡುಕೊಳ್ಳುವುದು. ಏನು ತಯಾರಿಸಬೇಕು, ಎಷ್ಟಕ್ಕೆ ಮಾರಬೇಕು ಅನ್ನೋ ತೀರ್ಮಾನ ಮಾತ್ರ ಹೆಡ್ ಆಫೀಸಿನದು.

ಆ ಸೂತ್ರ ಮೂವತ್ತು ವರ್ಷ ಚೆನ್ನಾಗಿಯೇ ನಡೆಯಿತು. ಹಾಗಾಗಿಯೇ ಅದನ್ನು ಬಿಡುವುದು ಇಷ್ಟು ಕಷ್ಟ. ಅದು ಎಲ್ಲಿ ಮುರಿಯಿತು ಅಂತ ನೋಡೋಣ. ಮೊದಲ ಬಿರುಕು ಕಾಣಿಸಿದ್ದು ಇಪ್ಪತ್ತು ವರ್ಷ ಹಿಂದೆ.

ಚೌಕಾಸಿಗೆ ಜಾಗ ಕೊಡದ ಅಂಗಡಿ

2003ರಲ್ಲಿ ಅಮೆರಿಕದ ಇಬೇ ಕಂಪನಿ ಚೀನಾದ ಈಚ್‌ನೆಟ್ ಅನ್ನೋ ಆನ್‌ಲೈನ್ ಮಾರಾಟ ತಾಣವನ್ನು ಪೂರ್ತಿ ಕೊಂಡುಕೊಂಡಿತು. ಆಗ ಚೀನಾದ ಆ ಮಾರುಕಟ್ಟೆಯ ದೊಡ್ಡ ಪಾಲು ಈಚ್‌ನೆಟ್ ಕೈಯಲ್ಲಿತ್ತು. ಅದೇ ವರ್ಷ ಅಲಿಬಾಬಾ ಕಂಪನಿ ಟಾವೊಬಾವೊ ಅನ್ನೋ ತಾಣ ಶುರು ಮಾಡಿತು. ದುಡ್ಡಿನಲ್ಲಿ, ಹೆಸರಿನಲ್ಲಿ, ಅನುಭವದಲ್ಲಿ ಇಬೇ ಎಷ್ಟೋ ದೊಡ್ಡದು.

ಆದರೆ ಟಾವೊಬಾವೊಗೆ ತನ್ನ ಊರಿನ ಗಿರಾಕಿ ಗೊತ್ತಿತ್ತು. ಚೀನಾದಲ್ಲಿ ವಸ್ತು ಕೊಳ್ಳುವ ಮುಂಚೆ ಮಾತಾಡಬೇಕು, ಚೌಕಾಸಿ ಮಾಡಬೇಕು, ಎದುರಿನವನು ಎಂಥವನು ಅಂತ ತಿಳಿದುಕೊಳ್ಳಬೇಕು. ಟಾವೊಬಾವೊ ಅದಕ್ಕೆ ಚಾಟ್ ಕೊಟ್ಟಿತು. ಇಬೇಯಲ್ಲಿ ವ್ಯಾಪಾರ ಕುದುರುವ ಮುಂಚೆ ಇಬ್ಬರೂ ನೇರ ಮಾತಾಡುವುದು ಕಷ್ಟ. ಹೊರಗೆ ವ್ಯವಹಾರ ಮುಗಿಸಿಕೊಂಡರೆ ಕಮಿಷನ್ ಹೋಗುತ್ತದಲ್ಲ, ಆ ಭಯ. ಟಾವೊಬಾವೊ ಮಾರುವವರಿಂದ ಶುಲ್ಕವನ್ನೇ ತೆಗೆದುಕೊಳ್ಳಲಿಲ್ಲ. ಇನ್ನೊಂದು ದೊಡ್ಡ ಕೆಲಸವನ್ನೂ ಮಾಡಿತು. ಗೊತ್ತಿಲ್ಲದವನಿಗೆ ಮೊದಲೇ ದುಡ್ಡು ಕಳಿಸಲು ಯಾರಿಗೂ ಧೈರ್ಯವಿರಲಿಲ್ಲ. ಅಲಿಪೇ ಅನ್ನೋ ವ್ಯವಸ್ಥೆ ಆ ದುಡ್ಡನ್ನು ತನ್ನ ಹತ್ತಿರ ಹಿಡಿದಿಟ್ಟುಕೊಂಡಿತು. ವಸ್ತು ಕೈಗೆ ಬಂದು "ಸರಿಯಾಗಿದೆ" ಅಂತ ಗಿರಾಕಿ ಹೇಳಿದ ಮೇಲೆ ಮಾರಿದವನಿಗೆ ಕೊಟ್ಟಿತು. ಮುಂದೆ ಇಡೀ ಚೀನಾದ ಡಿಜಿಟಲ್ ಪಾವತಿಗೆ ಬುನಾದಿಯಾಗಿದ್ದು ಈ ನಂಬಿಕೆಯ ಏರ್ಪಾಡು.

ಇಬೇ ಅಷ್ಟರಲ್ಲಿ ಏನು ಮಾಡಿತು? ಚೀನಾದ ತಾಣವನ್ನು ತನ್ನ ಜಾಗತಿಕ ವ್ಯವಸ್ಥೆಗೆ ಸೇರಿಸಿ, ಅಮೆರಿಕದ ಸರ್ವರ್‌ಗಳಿಗೆ ಸಾಗಿಸಿತು. ತಾಣ ನಿಧಾನವಾಯಿತು. ಜನಕ್ಕೆ ರೂಢಿಯಾಗಿದ್ದ ಸೌಲಭ್ಯಗಳು ಮಾಯವಾದವು. ಸಣ್ಣ ಬದಲಾವಣೆಗೂ ದೂರದ ಹೆಡ್ ಆಫೀಸಿನ ಒಪ್ಪಿಗೆ ಕಾಯಬೇಕಾಯಿತು. 2006ರ ಡಿಸೆಂಬರ್‌ನಲ್ಲಿ ಇಬೇ ತನ್ನ ಚೀನಾ ತಾಣವನ್ನು ಮುಚ್ಚಿ, ಸ್ಥಳೀಯ ಕಂಪನಿಯೊಂದರ ಜೊತೆ ಪಾಲುದಾರಿಕೆಗೆ ಇಳಿಯಿತು.

ಈ ಕಥೆಯನ್ನು "ವಿದೇಶಿಯರಿಗೆ ಸ್ಥಳೀಯ ಸಂಸ್ಕೃತಿ ಅರ್ಥವಾಗಲಿಲ್ಲ" ಅಂತ ಹೇಳಿ ಮುಗಿಸುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಚೀನಾದ ಆಫೀಸಿನಲ್ಲಿ ಕೂತಿದ್ದವರಿಗೆ ಎಲ್ಲ ಅರ್ಥವಾಗಿತ್ತು ಅಂತಲೇ ಇಟ್ಟುಕೊಳ್ಳಿ. ಆದರೂ ಫಲಿತಾಂಶ ಇದೇ ಆಗುತ್ತಿತ್ತು. ಯಾಕೆಂದರೆ ಅರ್ಥವಾದದ್ದನ್ನು ಮಾಡಿ ತೋರಿಸುವ ಅಧಿಕಾರ ಅವರ ಮೇಜಿನ ಮೇಲೆ ಇರಲಿಲ್ಲ.

ಇದೇ ಪಾಠ ಉಬರ್‌ಗೂ ಆಯಿತು. ಕ್ರೆಡಿಟ್ ಕಾರ್ಡ್ ಇರುವ ಊರುಗಳಿಗಾಗಿ ಕಟ್ಟಿದ ಆ್ಯಪ್ ಅದು. ಆಗ್ನೇಯ ಏಷ್ಯಾದಲ್ಲಿ ಬಹಳ ಜನ ದುಡ್ಡು ಕೊಡುವುದು ಕೈಯಿಂದ ಕೈಗೆ. 2012ರಲ್ಲಿ ಮಲೇಷ್ಯಾದಲ್ಲಿ ಹುಟ್ಟಿದ ಗ್ರ್ಯಾಬ್ ಅನ್ನೋ ಟ್ಯಾಕ್ಸಿ ಆ್ಯಪ್ ಮೊದಲಿನಿಂದಲೂ ನಗದು ತೆಗೆದುಕೊಂಡಿತು. ಟ್ರಾಫಿಕ್ ಕಿಕ್ಕಿರಿದ ಊರುಗಳಲ್ಲಿ ಬೈಕ್ ಟ್ಯಾಕ್ಸಿ ಓಡಿಸಿತು. ಉಬರ್ ಕೂಡ ಕಲಿಯಿತು, 2015ರಲ್ಲಿ ಹೈದರಾಬಾದ್‌ನಲ್ಲಿ ಮೊದಲ ಬಾರಿ ನಗದು ತೆಗೆದುಕೊಳ್ಳುವ ಪ್ರಯೋಗ ಮಾಡಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. 2016ರಲ್ಲಿ ಚೀನಾದ ವ್ಯಾಪಾರವನ್ನು ಅಲ್ಲಿನ ಡಿಡಿ ಕಂಪನಿಗೆ, 2018ರಲ್ಲಿ ಆಗ್ನೇಯ ಏಷ್ಯಾದ ವ್ಯಾಪಾರವನ್ನು ಗ್ರ್ಯಾಬ್‌ಗೆ ಒಪ್ಪಿಸಿ, ಬದಲಿಗೆ ಷೇರು ಪಡೆದು ಹೊರಟಿತು.

ಬ್ಯಾಟರಿ ಮಾಡುವವನು ಕಾರು ಮಾಡಿದಾಗ

ಇಂಟರ್ನೆಟ್ ವ್ಯಾಪಾರದಲ್ಲಿ ಹೀಗಾಗುವುದು ಸಹಜ, ಯಂತ್ರ ತಂತ್ರಜ್ಞಾನದ ಕೆಲಸದಲ್ಲಿ ಹಾಗಾಗದು ಅಂತ ಬಹಳ ಜನ ನಂಬಿದ್ದರು. ಆ ನಂಬಿಕೆಯನ್ನು ಕಾರಿನ ಉದ್ಯಮ ಸುಳ್ಳು ಮಾಡಿತು.

ಫೋಕ್ಸ್‌ವ್ಯಾಗನ್ 1984ರಲ್ಲೇ ಶಾಂಘೈನಲ್ಲಿ ಪಾಲುದಾರಿಕೆ ಕಂಪನಿ ಕಟ್ಟಿತು. ಆಗಿನ ಒಪ್ಪಂದದ ತಿರುಳು: ನೀವು ತಂತ್ರಜ್ಞಾನ ಕೊಡಿ, ನಾವು ಮಾರುಕಟ್ಟೆ ಕೊಡುತ್ತೇವೆ. ದಶಕಗಳ ಕಾಲ ಚೀನಾದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬ್ರ್ಯಾಂಡ್ ಅದೇ. 2019ರಲ್ಲಿ ಆ ಗುಂಪು ಚೀನಾದಲ್ಲಿ 42 ಲಕ್ಷ ಕಾರು ಮಾರಿತ್ತು.

ಇತ್ತ 1995ರಲ್ಲಿ ಶೆನ್ಜೆನ್‌ನಲ್ಲಿ ವಾಂಗ್ ಚುವಾನ್‌ಫು ಎಂಬ ರಸಾಯನಶಾಸ್ತ್ರ ಓದಿದ ವ್ಯಕ್ತಿ ಬಿವೈಡಿ ಅನ್ನೋ ಬ್ಯಾಟರಿ ಕಂಪನಿ ಶುರು ಮಾಡಿದ್ದರು. ಅದು ಮೊಬೈಲ್ ಫೋನ್‌ಗಳಿಗೆ ಬ್ಯಾಟರಿ ಮಾಡುತ್ತಿತ್ತು. 2003ರಲ್ಲಿ ನಷ್ಟದ ದಾರಿಯಲ್ಲಿದ್ದ ಸಣ್ಣ ಕಾರು ಕಂಪನಿಯೊಂದನ್ನು ಕೊಂಡುಕೊಂಡಿತು. ಕಾರು ಮಾಡುವವರ ಕಣ್ಣಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಆದರೆ ವಿದ್ಯುತ್ ಕಾರು ಬಂದಾಗ ಆಟದ ನಿಯಮವೇ ಬದಲಾಯಿತು. ಪೆಟ್ರೋಲ್ ಕಾರಿನ ಜೀವ ಎಂಜಿನ್. ವಿದ್ಯುತ್ ಕಾರಿನ ಜೀವ ಬ್ಯಾಟರಿ. ಖರ್ಚಿನ ದೊಡ್ಡ ಪಾಲೂ ಅದರದ್ದೇ. ನೂರು ವರ್ಷ ಎಂಜಿನ್ ತಿದ್ದಿದ ಅನುಭವಕ್ಕೆ ಆ ಜಾಗದಲ್ಲಿ ಬೆಲೆ ಕಡಿಮೆ. ಬ್ಯಾಟರಿಯನ್ನು, ಮೋಟಾರನ್ನು, ಚಿಪ್ಪನ್ನೂ ತಾನೇ ಮಾಡಿಕೊಳ್ಳುವ ಬಿವೈಡಿ 2022ರ ಮಾರ್ಚ್‌ನಲ್ಲಿ ಬರೀ ಪೆಟ್ರೋಲ್‌ನಲ್ಲಿ ಓಡುವ ಕಾರುಗಳನ್ನು ನಿಲ್ಲಿಸಿಬಿಟ್ಟಿತು. 2023ರಲ್ಲಿ ಚೀನಾದ ನಂಬರ್ ಒನ್ ಬ್ರ್ಯಾಂಡ್ ಆಯಿತು. ಫೋಕ್ಸ್‌ವ್ಯಾಗನ್ ಗುಂಪಿನ ಚೀನಾ ಮಾರಾಟ 2024ರಲ್ಲಿ 29 ಲಕ್ಷಕ್ಕೆ ಇಳಿಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ವೇಗ. ಚೀನಾದ ಹೊಸ ಕಂಪನಿಗಳು ಒಂದು ಮಾದರಿಯನ್ನು ಎರಡು ವರ್ಷದೊಳಗೆ ರಸ್ತೆಗೆ ತರುವುದುಂಟು. ಹಳೆಯ ಕಂಪನಿಗಳಿಗೆ ಅದಕ್ಕೆ ಮೂರು, ನಾಲ್ಕು ವರ್ಷ ಬೇಕಿತ್ತು. ನಾಲ್ಕು ವರ್ಷದ ಹಿಂದೆ ಜನ ಏನು ಕೇಳುತ್ತಿದ್ದರೋ ಅದನ್ನು ಇವತ್ತು ಶೋರೂಮಿನಲ್ಲಿಟ್ಟರೆ ಯಾರು ತಗೋತಾರೆ? ಪಕ್ಕದ ಶೋರೂಮಿನ ಕಾರು ಅಷ್ಟರಲ್ಲಿ ಎರಡು ಸಲ ಹೊಸದಾಗಿರುತ್ತದೆ.

ಫೋಕ್ಸ್‌ವ್ಯಾಗನ್ ಆಮೇಲೆ ಮಾಡಿದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 2023ರ ಜುಲೈನಲ್ಲಿ ಚೀನಾದ ಎಕ್ಸ್‌ಪೆಂಗ್ ಅನ್ನೋ ವಿದ್ಯುತ್ ಕಾರು ಕಂಪನಿಯಲ್ಲಿ ಸುಮಾರು 70 ಕೋಟಿ ಡಾಲರ್ ಹಾಕಿ 4.99% ಪಾಲು ತೆಗೆದುಕೊಳ್ಳುವುದಾಗಿ ಹೇಳಿತು. ಎಕ್ಸ್‌ಪೆಂಗ್‌ನ ತಂತ್ರಜ್ಞಾನ ಬಳಸಿ ಚೀನಾಕ್ಕಾಗಿ ಕಾರು ಮಾಡುವುದು ಒಪ್ಪಂದ. ಹೆಫೆಯಿ ನಗರದಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರ ಕಟ್ಟಿತು. ಕಾರು ರೂಪಿಸುವ ಸಮಯವನ್ನು ಸುಮಾರು 30% ಇಳಿಸುವುದು ಅದರ ಗುರಿ. ಅದೇ ಗುಂಪಿನ ಆಡಿ 2024ರ ನವೆಂಬರ್‌ನಲ್ಲಿ ಚೀನಾಕ್ಕೆಂದೇ ಹೊಸ ಬ್ರ್ಯಾಂಡ್ ತೋರಿಸಿತು. ಅದರ ಮುಂಭಾಗದಲ್ಲಿ ಜಗತ್ತಿಗೆಲ್ಲ ಪರಿಚಿತವಾದ ನಾಲ್ಕು ಉಂಗುರ ಇಲ್ಲ. ಬರೀ ಅಕ್ಷರಗಳಲ್ಲಿ ಹೆಸರು. ಒಂದು ಕಂಪನಿ ತನ್ನ ಗುರುತಿನ ಚಿಹ್ನೆಯನ್ನೇ ಒಂದು ದೇಶಕ್ಕಾಗಿ ಪಕ್ಕಕ್ಕಿಡುವುದು ಸಣ್ಣ ತೀರ್ಮಾನ ಅಲ್ಲ.

ಅಂದರೆ 1984ರ ಒಪ್ಪಂದ ತಲೆಕೆಳಗಾಗಿದೆ. ಆಗ ಮಾರುಕಟ್ಟೆ ಪಡೆಯಲು ತಂತ್ರಜ್ಞಾನ ಕೊಟ್ಟರು. ಈಗ ತಂತ್ರಜ್ಞಾನ ಪಡೆಯಲು ದುಡ್ಡು ಕೊಡುತ್ತಿದ್ದಾರೆ. ಇದನ್ನು ಅವಮಾನ ಅಂತ ಬರೆಯುವವರಿದ್ದಾರೆ. ನನ್ನ ಪ್ರಕಾರ ಇದು ಧೈರ್ಯ. ಕಲಿಯಬೇಕಾದ ಜಾಗಕ್ಕೆ ಹೋಗಿ ಕೂತು ಕಲಿಯುವುದರಲ್ಲಿ ತಪ್ಪೇನಿದೆ?

ಏಷ್ಯಾದವರ ಎದುರು ಏಷ್ಯಾದವರೇ

ಇಲ್ಲಿಯವರೆಗೆ ಓದಿದವರಿಗೆ ಇದು ಪಶ್ಚಿಮ ಮತ್ತು ಪೂರ್ವದ ಜಗಳ ಅನ್ನಿಸಬಹುದು. ಹಾಗಿಲ್ಲ. ಥಾಯ್ಲೆಂಡ್ ನೋಡಿ. ದಶಕಗಳ ಕಾಲ ಅಲ್ಲಿನ ರಸ್ತೆಗಳಲ್ಲಿ ಓಡಿದ ಕಾರುಗಳಲ್ಲಿ ಬಹುಪಾಲು ಜಪಾನಿ ಹೆಸರಿನವು, ತಯಾರಾಗುತ್ತಿದ್ದುದೂ ಅಲ್ಲೇ. 2020ರಲ್ಲಿ ರಯೋಂಗ್ ಪ್ರಾಂತ್ಯದಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು ಚೀನಾದ ಗ್ರೇಟ್ ವಾಲ್ ಅನ್ನೋ ಕಾರು ಕಂಪನಿ ಕೊಂಡುಕೊಂಡಿತು. 2024ರ ಜುಲೈನಲ್ಲಿ ಅದೇ ರಯೋಂಗ್‌ನಲ್ಲಿ ಬಿವೈಡಿ ಕಾರ್ಖಾನೆ ತೆರೆಯಿತು. ಅದಕ್ಕೆ ಒಂದು ತಿಂಗಳ ಮುಂಚೆ ಸುಜುಕಿ ತನ್ನ ಥಾಯ್ ಕಾರ್ಖಾನೆ ಮುಚ್ಚುವುದಾಗಿ ಹೇಳಿತ್ತು. ಭಾರತದಲ್ಲಿ ಗೆಲ್ಲುತ್ತಿರುವ ಅದೇ ಸುಜುಕಿ! ಏಷ್ಯಾ ಒಂದೇ ಮಾರುಕಟ್ಟೆ ಅಲ್ಲ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕೇ?

ದಕ್ಷಿಣ ಕೊರಿಯಾದ ಹ್ಯುಂಡೈಯದೂ ಇಂಥದ್ದೇ ದಾರಿ. 2016ರಲ್ಲಿ ಅದು ಚೀನಾದಲ್ಲಿ 11 ಲಕ್ಷಕ್ಕೂ ಜಾಸ್ತಿ ಕಾರು ಮಾರಿತ್ತು. ಮರುವರ್ಷ ಕೊರಿಯಾ ಮತ್ತು ಚೀನಾ ನಡುವೆ ಕ್ಷಿಪಣಿ ರಕ್ಷಣಾ ವ್ಯವಸ್ಥೆಯ ವಿಚಾರಕ್ಕೆ ಮನಸ್ತಾಪವಾಯಿತು, ಮಾರಾಟ ಕುಸಿಯಿತು. ಅದು ಮತ್ತೆ ಏಳುವಷ್ಟರಲ್ಲಿ ಸ್ಥಳೀಯ ಕಂಪನಿಗಳು ಜಾಗ ತುಂಬಿದ್ದವು. ಹ್ಯುಂಡೈ ಅಲ್ಲಿನ ಕೆಲವು ಕಾರ್ಖಾನೆಗಳನ್ನು ಮಾರಿತು, ಭಾರತದ ಕಡೆ ಇನ್ನಷ್ಟು ವಾಲಿತು. 2024ರ ಅಕ್ಟೋಬರ್‌ನಲ್ಲಿ ಭಾರತದ ಘಟಕದ 17.5% ಷೇರನ್ನು ಇಲ್ಲಿನ ಷೇರುಪೇಟೆಗೆ ತಂದು ಸುಮಾರು 27,870 ಕೋಟಿ ರೂಪಾಯಿ ಎತ್ತಿತು. ಇಲ್ಲಿನ ಹೂಡಿಕೆದಾರರೂ ಪಾಲುದಾರರಾದ ಮೇಲೆ ಇಲ್ಲಿನ ಲಾಭ ನಷ್ಟದ ಲೆಕ್ಕ ಇಲ್ಲೇ ಹೇಳಬೇಕಾಗುತ್ತದೆ. ತೀರ್ಮಾನದ ಮೇಜು ಸ್ವಲ್ಪವಾದರೂ ಈ ಕಡೆ ಸರಿಯುತ್ತದೆ.

ಕಾಫಿಯಲ್ಲೂ ಇದೇ. 1999ರಿಂದ ಚೀನಾದಲ್ಲಿದ್ದ ಸ್ಟಾರ್‌ಬಕ್ಸ್ ಅನ್ನು 2017ರಲ್ಲಿ ಅಲ್ಲೇ ಹುಟ್ಟಿದ ಲಕಿನ್ ಕಂಪನಿ, ಅಂಗಡಿಗಳ ಸಂಖ್ಯೆಯಲ್ಲಿ 2023ರಲ್ಲಿ ಹಿಂದೆ ಹಾಕಿತು. 2025ರ ನವೆಂಬರ್‌ನಲ್ಲಿ ಸ್ಟಾರ್‌ಬಕ್ಸ್ ತನ್ನ ಚೀನಾ ಅಂಗಡಿ ವ್ಯಾಪಾರದ 60% ವರೆಗಿನ ಪಾಲನ್ನು ಅಲ್ಲಿನ ಹೂಡಿಕೆ ಸಂಸ್ಥೆಯೊಂದಕ್ಕೆ ಬಿಟ್ಟುಕೊಡುವ ಒಪ್ಪಂದ ಪ್ರಕಟಿಸಿತು.

ಹಾಗಂತ ಸ್ಥಳೀಯ ಕಂಪನಿಗಳೆಲ್ಲ ಹಾಲು ಕುಡಿದಷ್ಟು ಸುಖವಾಗಿವೆ ಅಂದುಕೊಳ್ಳಬೇಡಿ. ಚೀನಾದಲ್ಲಿ ಕಾರಿನ ದರ ಸಮರ ಎಲ್ಲರ ಲಾಭವನ್ನೂ ತಿಂದುಹಾಕುತ್ತಿದೆ. 2025ರ ಮೇ ತಿಂಗಳಲ್ಲಿ ಬಿವೈಡಿ ತನ್ನ ಸೀಗಲ್ ಕಾರಿನ ಬೆಲೆಯನ್ನು 55,800 ಯುವಾನ್‌ಗೆ ಇಳಿಸಿತು. ಈ ಬಗೆಯ ಪೈಪೋಟಿಗೆ ಅಲ್ಲಿ "ನೇಜುವಾನ್" ಅನ್ನುತ್ತಾರೆ, ಒಳಗೊಳಗೇ ಸುತ್ತಿಕೊಳ್ಳುವುದು ಅಂತ ಅರ್ಥ. ಎಲ್ಲರೂ ಜಾಸ್ತಿ ದುಡಿಯುತ್ತಾರೆ, ಯಾರೂ ಮುಂದೆ ಹೋಗುವುದಿಲ್ಲ. ಸರ್ಕಾರವೇ ಇದನ್ನು ತಡೆಯಬೇಕು ಅಂತ ಹೇಳುವ ಹಂತಕ್ಕೆ ಬಂದಿದೆ. ಮನೆಯಲ್ಲಿ ಲಾಭವಿಲ್ಲದ ಕಂಪನಿ ಹೊರಗೆ ನೋಡುತ್ತದೆ. ರಯೋಂಗ್‌ನ ಕಾರ್ಖಾನೆಯ ಹಿಂದೆ ಈ ಒತ್ತಡವೂ ಇದೆ. 2023ರಲ್ಲೇ ಚೀನಾ ಜಪಾನ್ ಅನ್ನು ದಾಟಿ ಜಗತ್ತಿನ ಅತಿ ದೊಡ್ಡ ಕಾರು ರಫ್ತು ದೇಶವಾಗಿತ್ತು.

ಒಂದು ಮ್ಯಾಗ್ನೆಟ್ ಇಲ್ಲದೆ

"ಸರಿ, ಹಾಗಾದರೆ ಚೀನಾ ಬಿಟ್ಟು ಇನ್ನೊಂದು ದೇಶದಲ್ಲಿ ಕಾರ್ಖಾನೆ ಹಾಕೋಣ" ಅನ್ನೋದು ಸುಲಭದ ಉತ್ತರ. ಅದಕ್ಕೆ "ಚೀನಾ ಪ್ಲಸ್ ಒನ್" ಅಂತ ಹೆಸರೂ ಬಿದ್ದಿದೆ. ವಿಯೆಟ್ನಾಂ, ಭಾರತ, ಇಂಡೊನೇಷ್ಯಾ ಇದರಿಂದ ಗಳಿಸಿವೆ ನಿಜ. ಸ್ಯಾಮ್‌ಸಂಗ್ 2019ರಲ್ಲಿ ಚೀನಾದ ತನ್ನ ಕೊನೆಯ ಫೋನ್ ಕಾರ್ಖಾನೆ ಮುಚ್ಚುವ ಹೊತ್ತಿಗೆ ವಿಯೆಟ್ನಾಂನಲ್ಲಿ ಆಗಲೇ ಬೇರು ಬಿಟ್ಟಿತ್ತು. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ. ತೈವಾನ್‌ನ ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡುಕೊಂಡಿತು.

ಆದರೆ ಕಾರ್ಖಾನೆ ಬೇರೆ, ಪೂರೈಕೆಯ ಸರಪಳಿ ಬೇರೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಬಗೆಯ ಅಪರೂಪದ ಲೋಹಗಳ ಮೇಲೆ, ಅವುಗಳಿಂದ ಮಾಡುವ ಮ್ಯಾಗ್ನೆಟ್‌ಗಳ ಮೇಲೆ ರಫ್ತು ನಿಯಂತ್ರಣ ಹಾಕಿತು. ಈ ಮ್ಯಾಗ್ನೆಟ್‌ಗಳು ಕಾರಿನ ಸಣ್ಣ ಸಣ್ಣ ಮೋಟಾರುಗಳಲ್ಲಿ, ವಿದ್ಯುತ್ ಸ್ಕೂಟರಿನ ಚಕ್ರ ತಿರುಗಿಸುವ ಮೋಟಾರಿನಲ್ಲಿ ಇರುತ್ತವೆ. ಜಗತ್ತಿನ ಇಂಥ ಮ್ಯಾಗ್ನೆಟ್‌ಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಚೀನಾದವು. ಕೆಲವೇ ವಾರದಲ್ಲಿ ಜಪಾನ್‌ನಲ್ಲಿ ಸುಜುಕಿ ಸ್ವಿಫ್ಟ್ ತಯಾರಿಕೆ ನಿಂತಿತು. ಭಾರತದ ವಿದ್ಯುತ್ ಸ್ಕೂಟರ್ ಕಂಪನಿಗಳೂ ಒದ್ದಾಡಿದವು. ಕಾರ್ಖಾನೆ ನಮ್ಮದು, ಕೆಲಸಗಾರರು ನಮ್ಮವರು, ಗಿರಾಕಿ ನಮ್ಮವನು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮ್ಯಾಗ್ನೆಟ್ ಇಲ್ಲದೆ ಸಾಲು ನಿಂತುಹೋಯಿತು.

ಸುಂಕದ ಕಥೆಯೂ ಅಷ್ಟೇ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಪ್ರಕಟಿಸಿದ ಪಟ್ಟಿಯಲ್ಲಿ ವಿಯೆಟ್ನಾಂಗೆ 46%, ಕಾಂಬೋಡಿಯಾಗೆ 49% ಇತ್ತು. ಆಮೇಲೆ ಅಂಕಿಗಳು ಬದಲಾದವು. ಆದರೂ ಚೀನಾ ಬಿಟ್ಟು ಅಲ್ಲಿಗೆ ಹೋದವರ ನಿದ್ದೆ ಆ ರಾತ್ರಿ ಕೆಟ್ಟಿತು. ಸುಮ್ನೆ ದೇಶ ಬದಲಿಸಿದರೆ ಅಪಾಯದ ವಿಳಾಸ ಬದಲಾಗುತ್ತದೆ, ಅಪಾಯ ಹೋಗುವುದಿಲ್ಲ.

ಏಷ್ಯಾದ ಸರ್ಕಾರಗಳೂ ಈಗ ಮೊದಲಿನಂತಿಲ್ಲ. ಇಂಡೊನೇಷ್ಯಾ 2020ರ ಜನವರಿಯಿಂದ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿತು. ಬೇಕಿದ್ದರೆ ಇಲ್ಲೇ ಬಂದು ಕರಗಿಸಿ ಅಂದಿತು. ಕರಗಿಸುವ ಕಾರ್ಖಾನೆಗಳು ಬಂದವು, ಬಹುಪಾಲು ಚೀನಾದ ಬಂಡವಾಳದಿಂದ. ಈಗ ಜಗತ್ತಿನ ಗಣಿಗಳಿಂದ ಬರುವ ನಿಕ್ಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಡೊನೇಷ್ಯಾದ್ದು. 2024ರ ಅಕ್ಟೋಬರ್‌ನಲ್ಲಿ ಅದೇ ದೇಶ ಸ್ಥಳೀಯ ಪಾಲಿನ ನಿಯಮ ಪಾಲಿಸಿಲ್ಲ ಅಂತ ಐಫೋನ್ 16ರ ಮಾರಾಟಕ್ಕೆ ತಡೆ ಹಾಕಿತು. ಆ್ಯಪಲ್ ಮಾತುಕತೆಗೆ ಕೂತು, ಹೂಡಿಕೆಯ ಮಾತು ಕೊಟ್ಟ ಮೇಲೆ 2025ರಲ್ಲಿ ತಡೆ ತೆರವಾಯಿತು. ಮಾರಬೇಕಾದರೆ ಇಲ್ಲೇ ಏನಾದರೂ ಕಟ್ಟಿ ಅನ್ನೋದು ಈಗಿನ ಮಾತು.

ಇನ್ನೊಂದು ಕಡೆ ನೆರೆಹೊರೆಯ ಬೇಲಿಗಳು ಸಡಿಲವಾಗಿವೆ. ಆರ್‌ಸಿಇಪಿ ಅನ್ನೋ ವ್ಯಾಪಾರ ಒಪ್ಪಂದ 2022ರ ಜನವರಿ 1ರಿಂದ ಜಾರಿಗೆ ಬಂತು. ಸಹಿ ಹಾಕಿದ 15 ದೇಶಗಳಲ್ಲಿ ಚೀನಾ, ಜಪಾನ್, ಕೊರಿಯಾ, ಆಗ್ನೇಯ ಏಷ್ಯಾದ ದೇಶಗಳು ಎಲ್ಲ ಇವೆ. ಇದರ ಒಳಗಿನ ಒಂದು ನಿಯಮ ಬಹಳ ಮುಖ್ಯ. ಒಂದು ಸದಸ್ಯ ದೇಶದ ಬಿಡಿಭಾಗವನ್ನು ಇನ್ನೊಂದು ಸದಸ್ಯ ದೇಶದಲ್ಲಿ ಜೋಡಿಸಿದರೆ ಅದೂ "ನಮ್ಮದೇ" ಅಂತ ಲೆಕ್ಕ, ಸುಂಕದ ರಿಯಾಯಿತಿ ಸಿಗುತ್ತದೆ. ಹಾಗಾಗಿ ಕೊರಿಯಾದ ಚಿಪ್ಪು, ಚೀನಾದ ಪರದೆ, ವಿಯೆಟ್ನಾಂನ ಜೋಡಣೆ ಸೇರಿ ಒಂದೇ ನೇಯ್ಗೆಯಾಗುತ್ತವೆ. ಭಾರತ 2019ರಲ್ಲಿ ಮಾತುಕತೆಯಿಂದ ಎದ್ದು ಬಂತು. ಚೀನಾದ ಅಗ್ಗದ ಸರಕು ನುಗ್ಗುವ ಭಯಕ್ಕೆ ಕಾರಣವಿತ್ತು. ಆದರೂ ಆ ನೇಯ್ಗೆಯ ಹೊರಗೆ ಉಳಿದಿದ್ದರ ಬೆಲೆಯನ್ನು ಇಲ್ಲಿನ ರಫ್ತುದಾರರು ಕೊಡುತ್ತಿದ್ದಾರೆ ಅನ್ನೋದು ನನ್ನ ಅನಿಸಿಕೆ.

ನಾಲ್ಕು ಬಟನ್‌ನ ಇಸಿಜಿ

ಹಾಗಾದರೆ ತೀರ್ಮಾನದ ಮೇಜನ್ನು ಇಲ್ಲಿಗೆ ತರುವುದು ಅಂದರೆ ಹೇಗಿರುತ್ತದೆ? ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಬೆಂಗಳೂರು ತಂಡ ಮಾಡಿದ ಮ್ಯಾಕ್ 400 ಎಂಬ ಇಸಿಜಿ ಯಂತ್ರವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಆಸ್ಪತ್ರೆಯ ಇಸಿಜಿ ಯಂತ್ರ ದೊಡ್ಡದು, ದುಬಾರಿ, ಕರೆಂಟ್ ಬೇಕೇ ಬೇಕು. ಹಳ್ಳಿಯ ಡಾಕ್ಟರ್‌ಗೆ ಅದು ಕೈಗೆಟುಕುವಂಥದ್ದಲ್ಲ. ಬೆಂಗಳೂರಿನ ತಂಡ ಬಟನ್‌ಗಳನ್ನು ನಾಲ್ಕಕ್ಕೆ ಇಳಿಸಿತು. ಬ್ಯಾಟರಿಯಲ್ಲಿ ಓಡುವಂತೆ ಮಾಡಿತು. ದೊಡ್ಡ ಪ್ರಿಂಟರ್ ತೆಗೆದು, ಟಿಕೆಟ್ ಕೊಡುವ ಯಂತ್ರದಲ್ಲಿ ಇರುತ್ತದಲ್ಲ, ಆ ಪುಟ್ಟ ಪ್ರಿಂಟರ್ ಹಾಕಿತು. ಇಡೀ ಯಂತ್ರ ಒಂದು ಬ್ಯಾಗಿನಲ್ಲಿ ಹಿಡಿಸಿತು. ಬೆಲೆ ಸುಮಾರು 800 ಡಾಲರ್, ಮಾಮೂಲಿ ಯಂತ್ರದ ಅರ್ಧಕ್ಕಿಂತ ಕಡಿಮೆ. ಜಿಇಯ ಚೀನಾ ತಂಡ ಕೈಯಲ್ಲಿ ಒಯ್ಯಬಹುದಾದ ಅಲ್ಟ್ರಾಸೌಂಡ್ ಯಂತ್ರ ಮಾಡಿತು. ಬಡ ಹಳ್ಳಿಗಳಿಗಾಗಿ ಹುಟ್ಟಿದ ಈ ವಿನ್ಯಾಸಗಳು ಮುಂದೆ ಅಮೆರಿಕದಲ್ಲೂ ಗಿರಾಕಿ ಕಂಡುಕೊಂಡವು. ಅಪಘಾತದ ಜಾಗದಲ್ಲಿ, ತುರ್ತು ಕೊಠಡಿಯಲ್ಲಿ ಸಣ್ಣ ಯಂತ್ರವೇ ಬೇಕಲ್ಲ.

ಟಿಕೆಟ್ ಯಂತ್ರದ ಪ್ರಿಂಟರ್ ಹಾಕೋಣ ಅನ್ನೋ ಯೋಚನೆ ಬಸ್ಸಿನಲ್ಲಿ ಓಡಾಡಿದವರಿಗೆ ಬರುವುದು ಸಹಜ. ಆದರೆ ಯೋಚನೆ ಬಂದರೆ ಸಾಲದು. ಅಲ್ಲಿದ್ದ ವ್ಯತ್ಯಾಸ ಇಷ್ಟು: ಈ ತಂಡಗಳಿಗೆ ತಮ್ಮ ವಸ್ತುವನ್ನು ತಾವೇ ರೂಪಿಸುವ ಅಧಿಕಾರ ಸಿಕ್ಕಿತ್ತು. ಅಮೆರಿಕದ ಯಂತ್ರದಿಂದ ಒಂದೊಂದೇ ಸೌಲಭ್ಯ ಕಿತ್ತು ಅಗ್ಗ ಮಾಡುವ ಬದಲು, ಬಿಳಿ ಹಾಳೆಯಿಂದ ಶುರು ಮಾಡಲು ಬಿಟ್ಟರು. ಇಬೇಯ ಚೀನಾ ಆಫೀಸಿಗೆ ಸಿಗದೇ ಇದ್ದದ್ದು ಇದೇ.

2024ರ ಹೊತ್ತಿಗೇ ಭಾರತದಲ್ಲಿ ವಿದೇಶಿ ಕಂಪನಿಗಳ 1,700ಕ್ಕೂ ಜಾಸ್ತಿ ಜಾಗತಿಕ ಕೇಂದ್ರಗಳಿದ್ದವು. ಸುಮಾರು 19 ಲಕ್ಷ ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ಬೆಂಗಳೂರಿನದೇ ದೊಡ್ಡ ಪಾಲು. ಕಾರಿನ ಸಾಫ್ಟ್‌ವೇರ್, ಬ್ಯಾಂಕಿನ ವ್ಯವಸ್ಥೆ, ಚಿಪ್ಪಿನ ವಿನ್ಯಾಸ ಎಲ್ಲ ಇಲ್ಲಿ ನಡೆಯುತ್ತದೆ. ಜಗತ್ತಿನ ಪೇಟೆಂಟ್ ಅರ್ಜಿಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಏಷ್ಯಾದ ಕಚೇರಿಗಳಲ್ಲೇ ಸಲ್ಲಿಕೆಯಾಗುತ್ತಿವೆ. ಜಾಣತನ ಎಲ್ಲಿದೆ ಅನ್ನೋ ಬಗ್ಗೆ ಇನ್ನು ವಾದ ಉಳಿದಿಲ್ಲ.

ಹಾಗಾಗಿ ಯಾವುದಾದರೂ ಕಂಪನಿ "ನಮ್ಮ ಏಷ್ಯಾ ಸ್ಟ್ರಾಟೆಜಿ ಬದಲಾಗಿದೆ" ಅಂತ ಹೇಳಿದಾಗ ನಾನು ಎಷ್ಟು ಕೋಟಿ ಹಾಕುತ್ತಾರೆ, ಎಷ್ಟು ಜನರನ್ನು ತಗೋತಾರೆ ಅಂತ ಮೊದಲು ನೋಡುವುದಿಲ್ಲ. ಇಲ್ಲಿನ ಎಂಜಿನಿಯರ್ ಒಬ್ಬರು "ಈ ದೊಡ್ಡ ಪ್ರಿಂಟರ್ ಬೇಡ, ಟಿಕೆಟ್ ಯಂತ್ರದ್ದು ಹಾಕೋಣ" ಅಂದರೆ ಅದಕ್ಕೆ ಸರಿ ಅನ್ನುವವರು ಅದೇ ಕಟ್ಟಡದಲ್ಲಿ ಇದ್ದಾರಾ, ಇಲ್ಲ ಅವರ ಉತ್ತರಕ್ಕೆ ಇನ್ನೊಂದು ಖಂಡದಲ್ಲಿ ಬೆಳಗಾಗುವುದನ್ನು ಕಾಯಬೇಕಾ ಅಂತ ಕೇಳುತ್ತೇನೆ.